ಸ್ಪೌಸ್ ವೀಸಾ ಕನ್ಸಲ್ಟೆನ್ಸಿ ರಿವ್ಯೂ: ಅಕ್ಕನ ಫೈಲ್ ಮುಂದೆ ಹೋಯ್ತು, ಮಕ್ಕಳು ಇಲ್ಲೇ ಉಳಿದ್ರು (2 ಸ್ಟಾರ್)

ಅಮೆರಿಕಾ ಸ್ಪೌಸ್ ವೀಸಾಗೆ ಯಾರಾದ್ರೂ ಕನ್ಸಲ್ಟೆನ್ಸಿ ಹುಡುಕ್ತಿದ್ರೆ, ಅದ್ರಲ್ಲೂ ಜೊತೇಲಿ ಮಕ್ಕಳಿದ್ರೆ, ಇದನ್ನ ಓದ್ಕೊಂಡು ಆಮೇಲೆ ದುಡ್ಡು ಕಟ್ಟಿ. ಹೆಸರು ಹಾಕಲ್ಲ, ಬೆಂಗಳೂರಲ್ಲಿರೋ ಆಫೀಸು, ಏಸಿ ಇದೆ, ಹೋದ ತಕ್ಷಣ ಕಾಫಿ ಕೊಡ್ತಾರೆ, ಮಾತು ಬೆಣ್ಣೆ.

ಅಕ್ಕಂದು ಎರಡನೇ ಮದುವೆ. ಭಾವ ನ್ಯೂಜೆರ್ಸಿಲಿ, ಮೊದಲ ಮದುವೆಯ ಇಬ್ಬರು ಮಕ್ಕಳು ಅಕ್ಕನ ಜೊತೆ ಇಲ್ಲೇ. ಭಾವ ಆಗ ಗ್ರೀನ್ ಕಾರ್ಡಲ್ಲಿದ್ರು, ಅಕ್ಕನ ಹೆಸರಲ್ಲಿ ಒಂದೇ ಐ-130 (ಮನೆಯವರನ್ನ ಕರೆಸ್ಕೊಳ್ಳೋಕೆ ಹಾಕೋ ಪಿಟಿಷನ್ ಫಾರಂ) ಹಾಕಿ ಅದರಲ್ಲೇ ಮಕ್ಕಳ ಹೆಸರೂ ಬರೆಸಿದ್ರು. ಅಲ್ಲೀವರೆಗೂ ಸರಿನೇ, ಗ್ರೀನ್ ಕಾರ್ಡ್‌ನವರ ಹೆಂಡತಿಗೆ ಇರೋ ಎಫ್2ಎ ಕೆಟಗರಿಲಿ 21 ತುಂಬದ, ಮದುವೆ ಆಗದ ಮಕ್ಕಳು ಅಮ್ಮನ ಫೈಲ್ ಜೊತೆಗೇ ಹೋಗ್ತಾರೆ.

ಮಧ್ಯದಲ್ಲಿ ಭಾವಂಗೆ ಸಿಟಿಜನ್‌ಶಿಪ್ ಬಂತು. ಕನ್ಸಲ್ಟೆನ್ಸಿಯವ್ರು "ಕಂಗ್ರಾಟ್ಸ್ ಸರ್, ಇನ್ನು ಕ್ಯೂನೇ ಇಲ್ಲ, ಫೈಲನ್ನ ಸಿಟಿಜನ್ ಹೆಂಡತಿ ಕೆಟಗರಿಗೆ ಅಪ್‌ಗ್ರೇಡ್ ಮಾಡಿಸಿಬಿಡ್ತೀವಿ" ಅಂತ ಅದಕ್ಕೊಂದು ಎಕ್ಸ್‌ಟ್ರಾ ಚಾರ್ಜ್ ಬೇರೆ ತಗೊಂಡ್ರು. ಹೆಂಡತಿಗೆ ಕ್ಯೂ ಇರಲ್ಲ ಅನ್ನೋದು ನಿಜ ಕಣ್ರೀ, ಆದ್ರೆ ಸಿಟಿಜನ್ ಹೆಂಡತಿಯ ಫೈಲಲ್ಲಿ ಮಕ್ಕಳಿಗೆ ಜಾಗನೇ ಇಲ್ಲ, ಒಂದೊಂದು ಮಗೂಗೂ ಬೇರೆ ಬೇರೆ ಐ-130 ಹಾಕಲೇಬೇಕು, ಅದನ್ನ ಯಾರೂ ಬಾಯಿ ಬಿಡ್ಲಿಲ್ಲ. ಫೀಸ್ ಕಟ್ಟಿ ಡಿಎಸ್-260 (ಆನ್‌ಲೈನ್ ವೀಸಾ ಅರ್ಜಿ) ತುಂಬೋಣ ಅಂತ ಸೈಟ್ ಓಪನ್ ಮಾಡಿದ್ರೆ ಅಕ್ಕನ ಹೆಸರು ಒಂದೇ, ಮಕ್ಕಳ ಹೆಸರೇ ಇಲ್ಲ. ಫೋನ್ ಮಾಡಿದ್ರೆ "ರೂಲ್ಸ್ ಈಗ ಚೇಂಜ್ ಆಗಿದೆ ಮೇಡಂ" ಅಂತಾರೆ! ಯಾವ ಚೇಂಜೂ ಇಲ್ಲ, ಎಷ್ಟೋ ವರ್ಷದಿಂದ ಇರೋ ರೂಲೇ ಅದು.

ಆಮೇಲೆ ಭಾವ ಅಲ್ಲೇ ಒಬ್ರು ಲಾಯರ್ ಹಿಡಿದ್ರು. ಆಯಪ್ಪ ಮೊದಲು ಕೇಳಿದ್ದೇ ಮದುವೆ ಆದಾಗ ಮಕ್ಕಳ ವಯಸ್ಸೆಷ್ಟು ಅಂತ. ಮಲತಂದೆ ಪಿಟಿಷನ್ ಹಾಕಬೇಕಂದ್ರೆ ಮದುವೆ ದಿನಕ್ಕೆ ಮಗೂಗೆ 18 ತುಂಬಿರಬಾರದು, ನಮ್ಮ ಹುಡುಗಿಗೆ ತುಂಬಿರಲಿಲ್ಲ, ಬಚಾವ್. 21 ಆಗೋ ಮುಂಚೆ ಸಿಟಿಜನ್ ಆದ ಮಲತಂದೆ ಪಿಟಿಷನ್ ಹಾಕಿಬಿಟ್ರೆ ವಯಸ್ಸಿನ ಲೆಕ್ಕ ಅಲ್ಲಿಗೇ ನಿಲ್ಲುತ್ತೆ, ವೀಸಾ ಕೈಗೆ ಬಂದು ಅಲ್ಲಿ ಇಳಿಯೋವರೆಗೂ ಮದುವೆ ಮಾತ್ರ ಮಾಡ್ಬಾರದು ಅಷ್ಟೇ. ಆನ್‌ಲೈನ್‌ನಲ್ಲಿ ಹಾಕಿದ್ರೆ ತಲೆಗೆ 625 ಡಾಲರ್, ಪೇಪರಲ್ಲಾದ್ರೆ 675. ಎರಡು ಮಕ್ಕಳು, ನೀವೇ ಲೆಕ್ಕ ಹಾಕಿ. ಜೊತೆಗೆ ಮಕ್ಕಳ ಫೈಲ್ ಬರೋವರೆಗೂ ಅಕ್ಕನ ಫೈಲೂ ಸಾಯದ ಹಾಗೆ ನೋಡ್ಕೋಬೇಕು, ಎನ್‌ವಿಸಿ (ಅಮೆರಿಕಾದ ನ್ಯಾಷನಲ್ ವೀಸಾ ಸೆಂಟರ್) ನೋಟಿಸ್ ಬಂದು ಒಂದು ವರ್ಷ ಸುಮ್ನಿದ್ರೆ ಕೇಸ್ ಕ್ಲೋಸ್ ಮಾಡ್ಬೋದು, ಅದಕ್ಕೆ ಆಗಾಗ ಲಾಗಿನ್ ಆಗಿ, ಮೆಸೇಜ್ ಹಾಕಿ ಇಟ್ಕೊಂಡಿದ್ವಿ. ವೀಸಾಗೆ ಬೇಕಾದ ಮೆಡಿಕಲ್ ಚೆಕಪ್ ಅಂತೂ ಮುಟ್ಲಿಲ್ಲ, ಬೇಗ ಮಾಡಿಸಿದ್ರೆ ಅದರ ಡೇಟ್ ಮುಗಿದು ಮತ್ತೆ ದಂಡ.

ಹಾಗಾದ್ರೆ 2 ಸ್ಟಾರ್ ಯಾಕೆ? ಅಲ್ಲಿ ಡಾಕ್ಯುಮೆಂಟ್ಸ್ ನೋಡೋ ಹುಡುಗಿ ಒಬ್ಳಿದಾಳೆ, ಅವಳಿಗೋಸ್ಕರ. ಮಗನ ಬರ್ತ್ ಸರ್ಟಿಫಿಕೇಟಲ್ಲಿ ಮಗುವಿನ ಹೆಸರಿನ ಕಾಲಂ ಖಾಲಿ ಇತ್ತು (ಆಸ್ಪತ್ರೆಲಿ ಹುಟ್ಟಿದ ತಕ್ಷಣ ರಿಜಿಸ್ಟರ್ ಮಾಡಿಸಿ, ನಾಮಕರಣ ಆದ್ಮೇಲೆ ಸೇರಿಸೋದು ಮರೆತಿರ್ತಾರಲ್ಲ, ಅದೇ), ಅದನ್ನ ಮೊದಲ ದಿನವೇ ಕಂಡುಹಿಡಿದು ಹೆಸರು ಸೇರಿಸೋಕೆ ಏನೇನು ಕೊಡ್ಬೇಕು ಅಂತ ಒಂದು ಚೀಟಿಲಿ ಬರ್ಕೊಟ್ಲು. ಮಗಳ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ, ಹೀಗೇ ಬಿಟ್ರೆ ವೀಸಾದಲ್ಲಿ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದ್ರೆ ಹೆಸರು ಗೊತ್ತಿಲ್ಲ) ಅಂತ ಬೀಳುತ್ತೆ, ಆಮೇಲೆ ಅಲ್ಲಿ ಸ್ಕೂಲು, ಲೈಸೆನ್ಸು ಎಲ್ಲಾ ಕಡೆ ಅದೇ ಹೆಸರಾಗಿ ಒದ್ದಾಡ್ಬೇಕು, ಈಗಲೇ ರೀಇಷ್ಯೂ ಮಾಡಿಸಿ ಅಂದ್ಲು. ಡಿವೋರ್ಸ್ ಡಿಕ್ರಿ ಜೆರಾಕ್ಸ್ ಸಾಲಲ್ಲ, ಕೋರ್ಟಿಂದ ಸರ್ಟಿಫೈಡ್ ಕಾಪಿ ತನ್ನಿ, ಮಕ್ಕಳ ಕಸ್ಟಡಿ ಬರೆದಿರೋ ಪುಟ ಇದೆಯಾ ನೋಡಿ ಅಂದವಳೂ ಅವಳೇ. ಆ ಆಫೀಸಲ್ಲಿ ಕಾಗದ ಓದೋಳು ಅವಳೊಬ್ಳೇ ಅನ್ಸುತ್ತೆ, ಓನರ್ ಸಾಹೇಬ್ರು ಬರೀ ರಿಬ್ಬನ್ ಕಟ್ ಮಾಡೋ ಗಿರಾಕಿ.

ನೀವು ಹೋಗೋದಾದ್ರೆ ಅಡ್ವಾನ್ಸ್ ಕೊಡೋ ಮುಂಚೆ ಒಂದೇ ಒಂದು ಕೇಳಿ: ಗಂಡ ಮಧ್ಯದಲ್ಲಿ ಸಿಟಿಜನ್ ಆದ್ರೆ ಮಕ್ಕಳ ಫೈಲ್ ಏನಾಗುತ್ತೆ? ತಡವರಿಸಿದ್ರೆ ಕಾಫಿ ಕುಡ್ಕೊಂಡು ಎದ್ದು ಬನ್ನಿ. ನಾವು ಅಪ್‌ಗ್ರೇಡ್ ಚಾರ್ಜಾದ್ರೂ ವಾಪಸ್ ಕೊಡಿ ಅಂದಿದ್ದಕ್ಕೆ, ಮುಂದೆ ಅಮ್ಮಂಗೆ ವಿಸಿಟರ್ ವೀಸಾ ಮಾಡಿಸಿದ್ರೆ ಹತ್ತು ಪರ್ಸೆಂಟ್ ಬಿಡ್ತೀವಿ ಅಂದ್ರು.