ನಾಲ್ಕೂವರೆ ವರ್ಷ, ಇಬ್ಬರು ಮಕ್ಕಳು, 62 ಇಟ್ಟಿಗೆ: ದೊಡ್ಡ ಬ್ಲಾಕ್ಸ್ ಬಳಸಿದ ಅನುಭವ

ನಮ್ಮ ಚಿತ್ರದುರ್ಗದ ಮನೆಗೆ ಡ್ಯೂಪ್ಲೋ (ಒಂದಕ್ಕೊಂದು ಜೋಡಿಸಿ ಆಡುವ ದೊಡ್ಡ ಪ್ಲಾಸ್ಟಿಕ್ ಇಟ್ಟಿಗೆ) ಡಬ್ಬ ಬಂದಿದ್ದು 2021ರ ಜನವರಿಯಲ್ಲಿ. ಮಗಳಿಗೆ ಆಗ ಒಂದೂವರೆ ವರ್ಷ. ಈಗ ಅವಳು ಒಂದನೇ ಕ್ಲಾಸು, ತಮ್ಮನಿಗೆ ಇನ್ನೇನು ಮೂರು ತುಂಬುತ್ತೆ. ಡಬ್ಬದಲ್ಲಿ 65 ತುಂಡು ಇದ್ದವು. ಮೊನ್ನೆ ಭಾನುವಾರ ಎಲ್ಲವನ್ನೂ ಸುರಿದು ಎಣಿಸಿದೆ. 62 ಸಿಕ್ಕವು. ಒಂದು ದಾವಣಗೆರೆಯಲ್ಲಿ ಅಕ್ಕನ ಮನೆಯಲ್ಲೇ ಉಳಿಯಿತು, ಒಂದು ನೀರಿನ ಸಂಪಿನೊಳಗೆ ಬಿತ್ತು, ಇನ್ನೊಂದು ಎಲ್ಲಿ ಹೋಯಿತೋ ಗೊತ್ತಿಲ್ಲ. ಉಳಿದ 62ರಲ್ಲಿ ಒಂದೂ ಸೀಳಿಲ್ಲ. ಮೊದಲ ದಿನ ಹೇಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವೋ ಇವತ್ತೂ ಹಾಗೇ.

ಇದರ ಜೊತೆಗೆ ಇನ್ನೊಂದು ಸೆಟ್ ಕೂಡ ಇದೆ. ಮಗಳ ಎರಡನೇ ಹುಟ್ಟುಹಬ್ಬಕ್ಕೆ ನೆಂಟರು ಕೊಟ್ಟಿದ್ದು, ಪ್ಲಾಸ್ಟಿಕ್ ಚೀಲದಲ್ಲಿ 100 ತುಂಡು. ಅದರ ಕಂಪನಿ ಹೆಸರು ಬರೆಯಲ್ಲ, ಆದರೆ ಅದರಿಂದ ಕಲಿತದ್ದನ್ನು ಬರೆಯಲೇಬೇಕು. ಎರಡೂ ಒಂದೇ ಮನೆಯಲ್ಲಿ, ಒಂದೇ ಮಕ್ಕಳ ಕೈಯಲ್ಲಿ ಇದ್ದಿದ್ದರಿಂದ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು.

ಮೊದಲು ಡ್ಯೂಪ್ಲೋ ಅಂದರೆ ಏನು ಅಂತ ಒಂದು ಮಾತು. ಲೆಗೋ ಕಂಪನಿಯವರೇ 1969ರಲ್ಲಿ ಚಿಕ್ಕ ಮಕ್ಕಳಿಗಾಗಿ ತಂದ ದೊಡ್ಡ ಇಟ್ಟಿಗೆ ಇದು. ಮಾಮೂಲಿ ಲೆಗೋ ಇಟ್ಟಿಗೆಗಿಂತ ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟು. ಅಂದರೆ ಒಂದು ಡ್ಯೂಪ್ಲೋ ಇಟ್ಟಿಗೆಯ ಜಾಗದಲ್ಲಿ ಎಂಟು ಚಿಕ್ಕ ಇಟ್ಟಿಗೆ ಹಿಡಿಯುತ್ತವೆ. ಒಂದೂವರೆ ವರ್ಷದಿಂದ ಐದು ವರ್ಷದವರೆಗಿನ ಮಕ್ಕಳಿಗೆ ಅಂತ ಲೆಕ್ಕ. ನನ್ನ ಅನುಭವದಲ್ಲಿ ಐದಕ್ಕೆ ನಿಲ್ಲುವುದಿಲ್ಲ. ನನ್ನ ಆರು ವರ್ಷದ ಮಗಳು ಈಗಲೂ ಸ್ಕೂಲಿಂದ ಬಂದು ಬ್ಯಾಗು ಇಟ್ಟ ತಕ್ಷಣ ಅದರ ಮುಂದೆ ಕೂರುತ್ತಾಳೆ.

ಮೊದಲ ಆರು ತಿಂಗಳು ಅವಳು ಕಟ್ಟಿದ್ದೇ ಇಲ್ಲ. ನಾವು ಕಟ್ಟುವುದು, ಅವಳು ಬೀಳಿಸುವುದು. "ಮೂರು ಸಾವಿರದ ಹತ್ತಿರ ಕೊಟ್ಟು ತಂದಿದ್ದು ಬೀಳಿಸೋಕಾ?" ಅಂತ ಮನೆಯಲ್ಲಿ ಕೇಳಿದರು. ನನಗೂ ಸ್ವಲ್ಪ ಬೇಜಾರಾಗಿತ್ತು. ಈಗ ಹೇಳುತ್ತೇನೆ, ಆ ವಯಸ್ಸಿಗೆ ಬೀಳಿಸುವುದೇ ಆಟ. ಮಕ್ಕಳ ಡಾಕ್ಟರ ಲೆಕ್ಕದಲ್ಲೂ ಒಂದೂವರೆ ವರ್ಷದ ಮಗು ಸುಮಾರು ಮೂರು ಬ್ಲಾಕ್ ಒಂದರ ಮೇಲೊಂದು ಇಡುತ್ತೆ, ಎರಡು ವರ್ಷಕ್ಕೆ ಆರು, ಮೂರು ವರ್ಷಕ್ಕೆ ಒಂಬತ್ತು. ಒಂದೆರಡು ತಿಂಗಳು ಹಿಂದೆ ಮುಂದೆ ಆಗುವುದು ಸಹಜ. ಹಾಗಾಗಿ ತಂದ ಮೊದಲ ವಾರವೇ ಮನೆ, ರೈಲು ಎಲ್ಲ ಕಟ್ಟಬೇಕು ಅಂತ ಮಗುವಿನ ಕೈ ಹಿಡಿದು ಒತ್ತಾಯ ಮಾಡಬೇಡಿ.

ಆಟ ಬದಲಾಗಿದ್ದು ನಮ್ಮ ಮಾವನವರಿಂದ. ಅವರು ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು, ಮೇಸ್ತ್ರಿ. ಮಗಳಿಗೆ ಮೂರು ವರ್ಷ ಇದ್ದಾಗ ಒಂದು ಸಂಜೆ ಅವಳು ಗೋಡೆ ಕಟ್ಟುತ್ತಿದ್ದಳು. ತಲೆಯ ಮೇಲೆ ನಾಲ್ಕು ದುಂಡು ಉಬ್ಬು ಇರುವ ಚೌಕ ಇಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಒಂದು ಕಂಬ, ಪಕ್ಕಕ್ಕೆ ಇನ್ನೊಂದು ಕಂಬ, ಅದರ ಪಕ್ಕ ಮತ್ತೊಂದು. ನೋಡಲು ಗೋಡೆಯೇ. ಬೆರಳು ತಾಕಿದರೆ ಮೂರೂ ಮೂರು ಕಡೆ ವಾಲುತ್ತಿದ್ದವು. ನಾಲ್ಕನೇ ಸಲ ಬಿದ್ದಾಗ ಅಳು ಶುರುವಾಯಿತು. ಮಾವನವರು ಟೀ ಲೋಟ ಕೆಳಗಿಟ್ಟು ಅವಳ ಪಕ್ಕ ಬಂದು ಕೂತರು.

"ಇಲ್ನೋಡವ್ವ. ಸಂದಿ ಮ್ಯಾಲೆ ಸಂದಿ ಬಿದ್ದೈತೆ. ಅದಕ್ಕೇ ಗ್ವಾಡೆ ಬಾಯಿ ಬಿಡ್ತೈತೆ."

ಕಂಬಗಳನ್ನೆಲ್ಲ ಬಿಚ್ಚಿದರು. ಕೆಳಗೆ ಎಂಟು ಉಬ್ಬಿನ ಉದ್ದ ಇಟ್ಟಿಗೆ ಸಾಲಾಗಿ ಮೂರು ಇಟ್ಟರು. ಎರಡನೇ ವರಸೆಗೆ ಮೊದಲು ಒಂದು ಚೌಕದ್ದು ಇಟ್ಟು, ಆಮೇಲೆ ಉದ್ದದ್ದು. ಅಲ್ಲಿಗೆ ಮೇಲಿನ ಇಟ್ಟಿಗೆ ಕೆಳಗಿನ ಸಂದಿಯ ಮೇಲೆ ಸರಿಯಾಗಿ ಅಡ್ಡ ಕೂತಿತು. ಮನೆ ಕಟ್ಟುವಾಗ ಮೂಲೆಗೆ ಅರ್ಧ ಇಟ್ಟಿಗೆ ಇಡುತ್ತಾರಲ್ವಾ, ಅದೇ ಲೆಕ್ಕ. ಮೂರು ವರಸೆ ಆದ ಮೇಲೆ "ಈಗ ನೂಕು" ಅಂದರು. ಅವಳು ಎರಡೂ ಕೈಯಲ್ಲಿ ನೂಕಿದಳು. ಗೋಡೆ ಮುರಿಯಲಿಲ್ಲ. ಇಡೀ ಗೋಡೆಯೇ ಕೌದಿಯ ಮೇಲೆ ಸರ್ ಅಂತ ಜಾರಿತು. ಅವಳು ಅವತ್ತು ಊಟ ಮಾಡುವ ತನಕ ಅದನ್ನೇ ಬಿಚ್ಚಿ, ಅದನ್ನೇ ಕಟ್ಟಿ, ಅದನ್ನೇ ನೂಕುತ್ತಿದ್ದಳು. ಈಗ ತಮ್ಮನಿಗೆ ಅದೇ ಮಾತು ಹೇಳುತ್ತಾಳೆ, ತಾತನ ದನಿಯಲ್ಲೇ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಈ ಆಟಿಕೆಯ ಬೆಲೆ ಇರುವುದು ಸಾದಾ ಇಟ್ಟಿಗೆಯಲ್ಲಿ. ಅಂಗಡಿಯಲ್ಲಿ ಕಣ್ಣು ಸೆಳೆಯುವುದು ರೈಲು, ಪ್ರಾಣಿಗಳ ಫಾರ್ಮ್, ಅಡುಗೆಮನೆ ಇರುವ ಡಬ್ಬಗಳು. ಅವು ಚೆನ್ನಾಗಿಯೇ ಇರುತ್ತವೆ. ಆದರೆ ಅಂಥ ಡಬ್ಬದಲ್ಲಿ ಬೊಂಬೆ, ಚಕ್ರ, ಚಿತ್ರದ ತುಂಡು ಜಾಸ್ತಿ, ಉದ್ದ ಇಟ್ಟಿಗೆ ಕಮ್ಮಿ. ನಮ್ಮ 65ರ ಡಬ್ಬದಲ್ಲಿ ಚಕ್ರದ ಗಾಡಿ, ಬೊಂಬೆ, ಅಂಕಿ ಇರುವ ತುಂಡುಗಳೂ ಇದ್ದವು. ಅವುಗಳ ಮೇಲಿನ ಆಸೆ ಬೇಗ ಬದಲಾಗುತ್ತಿತ್ತು, ಒಂದು ತಿಂಗಳು ಗಾಡಿ, ಇನ್ನೊಂದು ತಿಂಗಳು ಬೊಂಬೆ. ಇಬ್ಬರು ಮಕ್ಕಳು ಜಗಳ ಆಡಿದ್ದೆಲ್ಲ ಎಂಟು ಉಬ್ಬಿನ ಸಾದಾ ಇಟ್ಟಿಗೆಗೆ. ಎರಡನೇ ಡಬ್ಬ ತರುವವರಿದ್ದರೆ ಸಾದಾ ಇಟ್ಟಿಗೆ ಜಾಸ್ತಿ ಇರುವುದನ್ನೇ ತನ್ನಿ. ಒಂದು ಮಗುವಿಗೆ 65 ಸಾಕು. ಇಬ್ಬರಿಗೆ ಖಂಡಿತ ಸಾಲುವುದಿಲ್ಲ.

ಕಳೆದ ವರ್ಷ ನಮ್ಮೂರ ಕೋಟೆ ಹತ್ತಿದಾಗ ಮಗಳು ಗೋಡೆಯ ಹತ್ತಿರ ನಿಂತುಬಿಟ್ಟಳು. ದೊಡ್ಡ ದೊಡ್ಡ ಕಲ್ಲು, ಮಧ್ಯ ಗಾರೆ ಇಲ್ಲ, ಆದರೂ ಬೆರಳು ತೂರದ ಹಾಗೆ ಕೂತಿವೆ. "ತಾತ, ಇಲ್ಲೂ ಸಂದಿ ಮೇಲೆ ಸಂದಿ ಇಲ್ಲ" ಅಂದಳು. ಮಾವನವರಿಗೆ ಆದ ಸಂತೋಷ ನಾನು ನೋಡಿದ್ದೇನೆ. ಬಾಗಿಲು ನೇರಕ್ಕೆ ಇಡದೆ ತಿರುವಿನಲ್ಲಿ ಯಾಕೆ ಇಟ್ಟಿದ್ದಾರೆ ಅಂತಲೂ ಅವರೇ ಹೇಳಿದರು, ಆನೆ ದೂರದಿಂದ ಓಡಿ ಬಂದು ಬಾಗಿಲು ಗುದ್ದಬಾರದು ಅಂತ. ಮನೆಗೆ ಬಂದವಳು ಅದನ್ನೇ ಕಟ್ಟಿದಳು, ಒಂದು ಗೋಡೆ, ತಿರುವು, ಇನ್ನೊಂದು ಗೋಡೆ. ತಮ್ಮನ ರಬ್ಬರ್ ಆನೆಯನ್ನು ಓಡಿಸಿಕೊಂಡು ಬಂದು ತಿರುವಿನಲ್ಲಿ ಸಿಕ್ಕಿಸಿ ನಿಲ್ಲಿಸಿದಳು. ಎರಡು ಸುತ್ತು ಆಗುವಷ್ಟರಲ್ಲಿ ಇಟ್ಟಿಗೆ ಮುಗಿದವು. ನಮ್ಮ ಕೋಟೆಯ ಹಾಗೆ ಏಳು ಸುತ್ತು ಬೇಕು ಅಂತ ಹಠ.

ಈಗ ಆ 100 ತುಂಡಿನ ಚೀಲದ ವಿಷಯ. ಮೊದಲ ತಿಂಗಳು ಏನೂ ವ್ಯತ್ಯಾಸ ಕಾಣಲಿಲ್ಲ. ಬಣ್ಣ ಇನ್ನೂ ಜೋರಾಗಿತ್ತು. ಮೂರು ತಿಂಗಳಿಗೆ ಹಿಡಿತ ಸಡಿಲ ಆಯಿತು. ಕೆಲವು ಇಟ್ಟಿಗೆ ಕೂರುತ್ತಲೇ ಇರಲಿಲ್ಲ, ಇನ್ನು ಕೆಲವು ಎಷ್ಟು ಬಿಗಿ ಅಂದರೆ ನಾನೇ ಹಲ್ಲು ಕಚ್ಚಿ ಎಳೆಯಬೇಕು. ಎರಡನ್ನೂ ತಿರುಗಿಸಿ ಹೊಟ್ಟೆಯ ಕಡೆ ನೋಡಿ, ಕಾರಣ ಗೊತ್ತಾಗುತ್ತೆ. ಡ್ಯೂಪ್ಲೋ ಒಳಗೆ ದುಂಡಗಿನ ಕೊಳವೆ ಇದೆ. ಕೆಳಗಿನ ಇಟ್ಟಿಗೆಯ ಉಬ್ಬು ಆ ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತೆ. ಲೆಗೋದವರು 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಈ ಕೊಳವೆಯ ಉಪಾಯಕ್ಕೇ. ನಮ್ಮ ಚೀಲದ ಇಟ್ಟಿಗೆಯಲ್ಲಿ ಕೊಳವೆ ಇಲ್ಲ, ಬರೀ ತೆಳ್ಳಗಿನ ಗೆರೆ ಥರದ ಪಟ್ಟಿ. ಅದು ಸವೆದ ಮೇಲೆ ಹಿಡಿತ ಎಲ್ಲಿಂದ ಬರಬೇಕು?

ಹಿಡಿತ ಸಡಿಲ ಆದರೆ ಏನಾಯಿತು, ಆಟಿಕೆ ತಾನೇ ಅಂತ ಅನ್ನಿಸಬಹುದು. ಎರಡು ವರ್ಷದ ಮಗುವಿಗೆ ಅದು ಬಹಳ ದೊಡ್ಡ ವಿಷಯ. ಸರಿಯಾಗಿ ಇಟ್ಟರೂ ಬಿದ್ದರೆ ತನ್ನದೇ ತಪ್ಪು ಅಂದುಕೊಳ್ಳುತ್ತೆ. ನನ್ನ ಮಗ ಆ ಚೀಲದಲ್ಲಿ ಆಡುವಾಗ ಐದು ನಿಮಿಷಕ್ಕೆ ಎಲ್ಲ ಎಸೆದು ಎದ್ದು ಹೋಗುತ್ತಿದ್ದ. ಅವನೇ ಡ್ಯೂಪ್ಲೋ ಹಿಡಿದರೆ ಅರ್ಧ ಗಂಟೆ ಕೂರುತ್ತಾನೆ. ಚೀಲದ್ದನ್ನು ಈಗ ಮರಳಾಟಕ್ಕೆ ಇಟ್ಟಿದ್ದೇವೆ.

ಹಾಗಂತ ದುಬಾರಿಯದ್ದೇ ತಗೊಳ್ಳಿ ಅಂತ ನಾನು ಹೇಳಲ್ಲ. ಅಕ್ಕನ ಮನೆಯಲ್ಲಿ ನಮ್ಮ ದೇಶದಲ್ಲೇ ಮಾಡಿದ ಒಂದು ದೊಡ್ಡ ಬ್ಲಾಕ್ಸ್ ಸೆಟ್ ಇದೆ, ಕಾಲು ಭಾಗ ಬೆಲೆ, ಎರಡು ವರ್ಷದಿಂದ ಚೆನ್ನಾಗಿ ನಡೆಯುತ್ತಿದೆ. ಹೊರದೇಶದ ಆಟಿಕೆ ಮೇಲಿನ ಕಸ್ಟಮ್ಸ್ ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70 ಆಯಿತು. ಬೆಲೆ ನೋಡಿದರೆ ಎದೆ ಝಲ್ ಅನ್ನುವುದಕ್ಕೆ ಅದೂ ಒಂದು ಕಾರಣ. ಅಷ್ಟು ಕೊಡಲು ಆಗದಿದ್ದರೆ ಕಮ್ಮಿ ಬೆಲೆಯದ್ದರಲ್ಲಿ ಒಳ್ಳೆಯದನ್ನು ಆರಿಸಬಹುದು. ನಮ್ಮೂರ ಲಕ್ಷ್ಮೀ ಬಜಾರಿನ ಅಂಗಡಿಯಲ್ಲಾದರೂ ಸರಿ, ದಾವಣಗೆರೆಯಲ್ಲಾದರೂ ಸರಿ, ಒಂದು ಸ್ಯಾಂಪಲ್ ಬಿಚ್ಚಿ ತೋರಿಸಲು ಕೇಳಿ. ಐದು ಇಟ್ಟಿಗೆ ಒಂದರ ಮೇಲೊಂದು ಕೂರಿಸಿ, ಮೇಲಿನದನ್ನು ಮಾತ್ರ ಹಿಡಿದು ಎತ್ತಿ. ಕೆಳಗಿನದು ಕಳಚಿ ಬಿದ್ದರೆ ಬೇಡ. ಎತ್ತಿದ ಮೇಲೆ ಜೊತೆಗಿರುವ ಮಗುವಿನ ಕೈಗೇ ಕೊಟ್ಟು ಬಿಡಿಸಲು ಹೇಳಿ. ಮಗುವಿಗೆ ಬಿಡಿಸಲು ಆಗದಿದ್ದರೂ ಬೇಡ. ನಾನು ಈಗ ಯಾರಿಗೆ ಉಡುಗೊರೆ ತರುವುದಿದ್ದರೂ ಹೀಗೇ ನೋಡಿ ತರುತ್ತೇನೆ.

ಐಎಸ್‌ಐ ಗುರುತು ನೋಡಲೇಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ. ಗುರುತಿನ ಕೆಳಗೆ ಲೈಸೆನ್ಸ್ ನಂಬರ್ ಇರುತ್ತೆ, ಅದನ್ನು ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನಿಜವೋ ಸುಳ್ಳೋ ನೋಡಬಹುದು. ನಮ್ಮ ಚೀಲದ ಮೇಲೆ ಗುರುತೇ ಇರಲಿಲ್ಲ. ಉಡುಗೊರೆ ಬಂದ ದಿನ ನಾನು ನೋಡಲಿಲ್ಲ, ಅದು ನನ್ನ ತಪ್ಪು. ಗಾತ್ರವೂ ಅಷ್ಟೇ ಮುಖ್ಯ. ಮೂರು ವರ್ಷದ ಒಳಗಿನ ಮಕ್ಕಳ ಆಟಿಕೆಯನ್ನು ಪರೀಕ್ಷೆ ಮಾಡುವವರು 31.7 ಮಿ.ಮೀ. ಅಗಲದ ಒಂದು ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಮುಳುಗುವ ತುಂಡು ಗಂಟಲಿಗೆ ಸಿಕ್ಕಬಹುದು ಅಂತ ಲೆಕ್ಕ. ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲ ಅಷ್ಟೇ. ಇಟ್ಟಿಗೆ ದೊಡ್ಡದಿದ್ದರೂ ಜೊತೆಗೆ ಬರುವ ಹೂವು, ಚಕ್ರದ ಮುಚ್ಚಳ ಇಂಥವನ್ನು ಒಂದೊಂದಾಗಿ ಎಳೆದು ನೋಡಿ.

ತೊಳೆಯುವ ವಿಷಯ. ಮಕ್ಕಳು ಮಂಡಕ್ಕಿ ತಿನ್ನುತ್ತಾ ಆಡುತ್ತಾರೆ, ಬೇಡ ಅಂದರೂ ಕೇಳಲ್ಲ. ಮಂಡಕ್ಕಿ ಕಾಳು ಇಟ್ಟಿಗೆಯ ಕೊಳವೆಯೊಳಗೆ ಸರಿಯಾಗಿ ಹೋಗಿ ಕೂರುತ್ತೆ. ಎರಡು ದಿನಕ್ಕೆ ಇರುವೆ ಸಾಲು. ಪೊರಕೆ ಕಡ್ಡಿ ಒಂದು ಇಟ್ಟುಕೊಂಡಿದ್ದೇನೆ, ಅದರಲ್ಲಿ ತಳ್ಳಿದರೆ ಬರುತ್ತೆ. ತಿಂಗಳಿಗೊಮ್ಮೆ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು. ಆಮೇಲೆ ಈರುಳ್ಳಿ ಬರುವ ಬಲೆ ಚೀಲಕ್ಕೆ ತುಂಬಿ ನೆರಳಲ್ಲಿ ನೇತು ಹಾಕುವುದು. ಲೆಗೋದವರು 40 ಡಿಗ್ರಿಗಿಂತ ಬಿಸಿ ನೀರು ಬೇಡ ಅನ್ನುತ್ತಾರೆ. ಇದನ್ನು ದಯವಿಟ್ಟು ಪಾಲಿಸಿ. ಮಕ್ಕಳಿಗೆ ಜ್ವರ ಬಂದು ಹೋದ ಮೇಲೆ ಒಮ್ಮೆ ಆ 100 ತುಂಡಿನ ಚೀಲದ ಇಟ್ಟಿಗೆಗಳಿಗೆ ಕುದಿಯುವ ನೀರು ಸುರಿದೆ, ಕ್ರಿಮಿ ಸಾಯಲಿ ಅಂತ. ಇಪ್ಪತ್ತು ಇಟ್ಟಿಗೆ ಸೊಟ್ಟ ಆದವು. ಬಿಳಿ ಇಟ್ಟಿಗೆಗೆ ಅರಿಶಿನ ತಾಕದ ಹಾಗೂ ನೋಡಿಕೊಳ್ಳಿ. ಗಣೇಶನ ಹಬ್ಬಕ್ಕೆ ಮಗಳು ಪುಟ್ಟ ಮಣ್ಣಿನ ಗಣಪನಿಗೆ ಇದರಲ್ಲೇ ಮಂಟಪ ಕಟ್ಟಿದ್ದಳು. ಆ ಹಳದಿ ಬೆರಳಚ್ಚು ಇನ್ನೂ ಇದೆ. ನನಗೆ ಅದನ್ನು ಉಜ್ಜಿ ತೆಗೆಯುವ ಮನಸ್ಸಾಗಿಲ್ಲ.

ಸದ್ದು ಜಾಸ್ತಿ. ಟೈಲ್ಸ್ ಮೇಲೆ ಡಬ್ಬ ಬೋರಲು ಹಾಕಿದರೆ ಮಧ್ಯಾಹ್ನ ಮಲಗಿದ ಅತ್ತೆ ಎದ್ದು ಕೂರುತ್ತಾರೆ. ಹಳೇ ಕೌದಿ ಒಂದನ್ನು ಇದಕ್ಕೇ ಮೀಸಲಿಟ್ಟಿದ್ದೇವೆ. ಹಾಸಿದರೆ ಸದ್ದಿಲ್ಲ. ಆಟ ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿ ಗಂಟು ಕಟ್ಟಿದರೆ ಮುಗಿಯಿತು, ಮೂರು ವರ್ಷದವನೂ ಮಾಡುತ್ತಾನೆ.

ಚನ್ನಪಟ್ಟಣದ ಮರದ ಬ್ಲಾಕ್ಸ್ ಕೂಡ ನಮ್ಮಲ್ಲಿವೆ. ಒಂದು ವರ್ಷದ ಮಗುವಿಗೆ ಅವೇ ಮೊದಲು ಕೊಡಿ, ಕೈಗೆ ಹಿತ, ಅರಗಿನ ಬಣ್ಣ. ಕಚ್ಚಿಕೊಳ್ಳುವುದಿಲ್ಲವಾದ್ದರಿಂದ ಎತ್ತರ ಹೋಗುವುದಿಲ್ಲ, ಅಷ್ಟೇ.

ಹೋದ ಯುಗಾದಿಗೆ ಮಗಳಿಗೆ ಚಿಕ್ಕ ಲೆಗೋ ತಂದೆವು. ಅದು ಹಳೇ ಡ್ಯೂಪ್ಲೋ ಮೇಲೆಯೇ ಕೂರುತ್ತೆ ಅಂತ ಗೊತ್ತಿದ್ದೇ ತಂದಿದ್ದು. ಕೆಳಗೆ ದೊಡ್ಡ ಇಟ್ಟಿಗೆಯ ಪಾಯ, ಮೇಲೆ ಚಿಕ್ಕ ಇಟ್ಟಿಗೆಯ ಮನೆ. ಆದರೆ ಚಿಕ್ಕವನ ಕೈಗೆ ಸಿಗಬಾರದು. ಹಾಗಾಗಿ ಅವನು ಮಲಗಿದ ಮೇಲೆ ಮಾತ್ರ ಆ ಡಬ್ಬ ಬೀರುವಿನಿಂದ ಇಳಿಯುತ್ತೆ. ತಾತ, ಮೊಮ್ಮಗಳು ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಕೂರುತ್ತಾರೆ. ನಿನ್ನೆ ಬಾವಿ ಕಟ್ಟುತ್ತಿದ್ದರು. ದುಂಡಗೆ ಬರಬೇಕು, ಇಟ್ಟಿಗೆ ಮಾತ್ರ ಚೌಕ. ಪ್ರತಿ ವರಸೆಯಲ್ಲೂ ಇಟ್ಟಿಗೆಯನ್ನು ಒಂದೊಂದು ಉಬ್ಬು ಸರಿಸುತ್ತಾ ಬಂದರೆ ಆಗಬಹುದು ಅಂತ ಮಾವನವರು ಲೆಕ್ಕ ಹಾಕುತ್ತಿದ್ದರು. ಇವತ್ತು ಮುಂದುವರಿಸುತ್ತಾರಂತೆ.