ಒಂದೇ ಮನೆಯ ಖರ್ಚು, ನಾಲ್ಕು ಕ್ರೆಡಿಟ್ ಕಾರ್ಡುಗಳು

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯಲ್ಲಿ ಪತಿ, ಅತ್ತೆಯವರು, ಹೈಸ್ಕೂಲಿಗೆ ಹೋಗುವ ಮಗಳು ಮತ್ತು ನಾನು, ಒಟ್ಟು ನಾಲ್ವರಿದ್ದೇವೆ. ಸಂಬಳ ಇಬ್ಬರಿಗೂ ಬರುತ್ತದೆಯಾದರೂ ಖರ್ಚಿನ ಲೆಕ್ಕ ಬರೆಯುವ ಕೆಲಸ ನನ್ನದು. 2023ರ ಆರಂಭದಿಂದ ಕೆಲವು ವರ್ಷಗಳ ಅವಧಿಯಲ್ಲಿ ನಾಲ್ಕು ಕ್ರೆಡಿಟ್ ಕಾರ್ಡುಗಳನ್ನು ಬಳಸಿ ನೋಡಿ, ಯಾವುದರಿಂದ ಎಷ್ಟು ಬಂತು, ಯಾವುದಕ್ಕೆ ಎಷ್ಟು ತೆತ್ತೆವು ಎಂಬುದನ್ನು ದಿನಸಿ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದೇನೆ. ಇಲ್ಲಿ ಹೇಳುವ ದರಗಳೆಲ್ಲ ನಾನು ಆ ಕಾರ್ಡುಗಳನ್ನು ಬಳಸಿದ ಕಾಲದವು. ಬ್ಯಾಂಕುಗಳು ಇವನ್ನು ಆಗಾಗ ಬದಲಿಸುತ್ತವೆ. ಆದ್ದರಿಂದ ಅರ್ಜಿ ಹಾಕುವವರು ಅಂದಿನ ನಿಯಮಗಳನ್ನು ಒಮ್ಮೆ ಓದಿಕೊಳ್ಳಬೇಕು.

ಕಾರ್ಡುಗಳಿಗಿಂತ ಮೊದಲು ಮನೆಯ ಖರ್ಚನ್ನು ಹೇಳುತ್ತೇನೆ, ಏಕೆಂದರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ನಗದು ಮತ್ತು ಶಾಲೆಯ ಶುಲ್ಕವನ್ನು ಬಿಟ್ಟರೆ ನಮ್ಮ ತಿಂಗಳ ಖರ್ಚು ಸುಮಾರು 32,000 ರೂಪಾಯಿ. ಅದರಲ್ಲಿ ಆನ್‌ಲೈನ್ ಖರೀದಿ 9,000, ಕಾರ್ಡ್ ಉಜ್ಜಿ ಕೊಡುವ ಸೂಪರ್ ಮಾರ್ಕೆಟ್ ಮತ್ತು ಬಟ್ಟೆ ಅಂಗಡಿಗಳ ಪಾಲು 7,000, ಸಣ್ಣ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕೊಡುವುದು 8,000, ಕರೆಂಟ್, ನೀರು, ಗ್ಯಾಸ್ ಮತ್ತು ವಿಮೆಯ ಕಂತು ಸೇರಿ 5,000, ಪೆಟ್ರೋಲಿಗೆ 3,000. ಕೊನೆಯ ಎರಡನ್ನು ನಾನು ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. ಬಿಲ್ಲುಗಳು ಬ್ಯಾಂಕ್ ಖಾತೆಯಿಂದ ತಾವಾಗಿಯೇ ಕಡಿತವಾಗುತ್ತವೆ. ಪೆಟ್ರೋಲಿನ ಮೇಲೆ ಕಾರ್ಡುಗಳು ಕೊಡುವ ಶೇಕಡಾ 1ರ ಸರ್‌ಚಾರ್ಜ್ ವಿನಾಯಿತಿಯೋ ಲಾಭವಲ್ಲ. ಕಾರ್ಡ್ ಉಜ್ಜಿದ್ದಕ್ಕೇ ಬೀಳುವ ಹೆಚ್ಚುವರಿ ಹಣ ಹಿಂದಕ್ಕೆ ಬರುತ್ತದೆ, ಅಷ್ಟೆ.

ಮೊದಲು ತೆಗೆದುಕೊಂಡದ್ದು ಅಮೆಜಾನ್ ಪೇ ಐಸಿಐಸಿಐ ಕಾರ್ಡ್. ಇದಕ್ಕೆ ಸೇರುವ ಶುಲ್ಕವೂ ಇಲ್ಲ, ವಾರ್ಷಿಕ ಶುಲ್ಕವೂ ಇಲ್ಲ. ಅಮೆಜಾನ್‌ನಲ್ಲಿ ಖರೀದಿಸಿದರೆ ಪ್ರೈಮ್ ಸದಸ್ಯರಿಗೆ ಶೇಕಡಾ 5, ಉಳಿದವರಿಗೆ ಶೇಕಡಾ 3, ಬೇರೆ ಕಡೆಯ ಖರೀದಿಗೆ ಶೇಕಡಾ 1ರಷ್ಟು ಹಣ ಕ್ಯಾಶ್‌ಬ್ಯಾಕ್ ಆಗಿ, ಎಂದರೆ ಖರ್ಚಿನಿಂದ ಹಿಂದಕ್ಕೆ, ಸಿಗುತ್ತಿತ್ತು. ನಮ್ಮ 9,000 ರೂಪಾಯಿಯ ಆನ್‌ಲೈನ್ ಖರೀದಿಯಲ್ಲಿ ಅಮೆಜಾನ್ ಪಾಲು 5,000 ಇದ್ದುದರಿಂದ, ಪ್ರೈಮ್ ಇಲ್ಲದೆ, ಅಂಗಡಿಗಳ 7,000ವೂ ಸೇರಿ ತಿಂಗಳಿಗೆ 260 ರೂಪಾಯಿಯಂತೆ ವರ್ಷಕ್ಕೆ 3,120 ರೂಪಾಯಿ ಬಂದಂತಾಯಿತು. ಕಾರ್ಡಿನ ಲಾಭ ಹೆಚ್ಚಿಸಿಕೊಳ್ಳಲೆಂದೇ ವರ್ಷಕ್ಕೆ 1,499 ರೂಪಾಯಿ ಕೊಟ್ಟು ಪ್ರೈಮ್ ಸದಸ್ಯರಾಗುವ ವಿಚಾರವನ್ನು ಪತಿ ಮುಂದಿಟ್ಟರು. ಲೆಕ್ಕ ಹಾಕಿದಾಗ ಶೇಕಡಾ 2ರ ವ್ಯತ್ಯಾಸದಿಂದ ನಮಗೆ ವರ್ಷಕ್ಕೆ ಹೆಚ್ಚಾಗಿ ಸಿಗುವುದು 1,200 ರೂಪಾಯಿ ಮಾತ್ರ ಎಂದು ತಿಳಿಯಿತು. ಅಮೆಜಾನ್ ಒಂದರಲ್ಲೇ ವರ್ಷಕ್ಕೆ 75,000 ರೂಪಾಯಿಯಷ್ಟು ಖರೀದಿಸುವವರಿಗೆ ಮಾತ್ರ ಆ ಸದಸ್ಯತ್ವದ ಹಣ ಕಾರ್ಡಿನಿಂದಲೇ ಹುಟ್ಟುತ್ತದೆ. ಸಿನಿಮಾ ನೋಡುವುದಕ್ಕೋ ಸಾಮಾನು ಬೇಗ ಬರಲೆಂದೋ ಪ್ರೈಮ್ ಇಟ್ಟುಕೊಂಡವರ ವಿಷಯ ಬೇರೆ.

ಎರಡನೆಯದು ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡ್. ಇದರ ವಾರ್ಷಿಕ ಶುಲ್ಕ 999 ರೂಪಾಯಿ. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿದರೆ 1,179 ರೂಪಾಯಿ. ಯಾವ ಜಾಲತಾಣವೆಂಬ ಭೇದವಿಲ್ಲದೆ ಆನ್‌ಲೈನ್ ಖರೀದಿಗೆಲ್ಲ ಶೇಕಡಾ 5, ಅಂಗಡಿಯಲ್ಲಿ ಉಜ್ಜಿದರೆ ಶೇಕಡಾ 1 ಬರುತ್ತಿತ್ತು. ಕರೆಂಟ್ ಬಿಲ್, ವಿಮೆ, ಬಾಡಿಗೆ, ಶಾಲಾ ಶುಲ್ಕ, ಒಡವೆ, ಪೆಟ್ರೋಲ್ ಮತ್ತು ಇಎಂಐ ಖರೀದಿಗೆ ಏನೂ ಬರುವುದಿಲ್ಲ; ಶೇಕಡಾ 5 ಎಂಬ ಅಂಕಿಯನ್ನು ನೋಡಿ ಮನಸೋಲುವ ಮುನ್ನ ಈ ಪಟ್ಟಿಯನ್ನು ಓದಲೇಬೇಕು. ತಿಂಗಳಿಗೆ 5,000 ರೂಪಾಯಿಯ ಮಿತಿಯೂ ಆಗ ಇತ್ತಾದರೂ, ಅದನ್ನು ಮುಟ್ಟಲು ಆನ್‌ಲೈನ್‌ನಲ್ಲಿ ಒಂದು ಲಕ್ಷದ ಖರೀದಿ ಆಗಬೇಕಾದ್ದರಿಂದ ನಮ್ಮಂಥ ಮನೆಗಳಿಗೆ ಅದು ತೊಡಕಾಗಿರಲಿಲ್ಲ. ನಮಗೆ ತಿಂಗಳಿಗೆ 520 ರೂಪಾಯಿಯಂತೆ ವರ್ಷಕ್ಕೆ 6,240 ಬಂತು. ಶುಲ್ಕ ಕಳೆದರೂ 5,061 ರೂಪಾಯಿ ಉಳಿಯಿತು.

ಇವೆರಡನ್ನು ಎದುರುಬದುರು ಇಟ್ಟು ನೋಡಿದರೆ ಶುಲ್ಕವಿಲ್ಲದ ಕಾರ್ಡಿಗಿಂತ ಶುಲ್ಕವಿರುವ ಕಾರ್ಡೇ ನಮಗೆ ವರ್ಷಕ್ಕೆ 1,941 ರೂಪಾಯಿ ಹೆಚ್ಚು ಕೊಟ್ಟಿತು. ಹಣ ಕೈಸೇರುವ ಬಗೆಯಲ್ಲಿಯೂ ವ್ಯತ್ಯಾಸವಿದೆ. ಅಮೆಜಾನ್ ಕಾರ್ಡಿನ ಹಣ ಅಮೆಜಾನ್ ಪೇ ಬ್ಯಾಲೆನ್ಸ್‌ಗೆ ಹೋಗಿ ಕೂರುತ್ತದೆ, ಎಂದರೆ ಮತ್ತೆ ಅಲ್ಲಿಯೇ ಖರ್ಚಾಗಲು ಕಾಯುತ್ತದೆ; ಕ್ಯಾಶ್‌ಬ್ಯಾಕ್ ಕಾರ್ಡಿನದು ಬಿಲ್ಲಿನ ಬಾಕಿಯಲ್ಲಿಯೇ ವಜಾ ಆಗುತ್ತದೆ. ನನಗೆ ಎರಡನೆಯದೇ ಮೇಲು ಎನ್ನಿಸಿತು. ಇನ್ನು ಶುಲ್ಕದ ವಿಚಾರ. ವರ್ಷಕ್ಕೆ ಎರಡು ಲಕ್ಷ ಖರ್ಚು ಮಾಡಿದರೆ ಆ 999 ರೂಪಾಯಿ ಮನ್ನಾ ಆಗುತ್ತದೆ, ಆದರೆ ಮೊದಲ ವರ್ಷ ನಮ್ಮ ಖರ್ಚು 1,92,000ಕ್ಕೆ ನಿಂತಿತು. 1,179 ರೂಪಾಯಿ ಉಳಿಸಲು 8,000 ರೂಪಾಯಿಯ ಬೇಡದ ಸಾಮಾನು ತರುವುದು ತಪ್ಪು ಲೆಕ್ಕವೆಂದು ಶುಲ್ಕವನ್ನೇ ಕಟ್ಟಿದೆವು. ಮರುವರ್ಷ ಮಗಳಿಗೆ ಹೇಗೂ ಕೊಳ್ಳಬೇಕಾಗಿದ್ದ 8,500 ರೂಪಾಯಿಯ ಓದುವ ಮೇಜನ್ನು ಅದೇ ಕಾರ್ಡಿನಲ್ಲಿ ಆನ್‌ಲೈನ್ ತರಿಸಿದೆವು. ಶುಲ್ಕವೂ ಮನ್ನಾ ಆಯಿತು, ಮೇಜಿನ ಖರೀದಿಗೆ 425 ರೂಪಾಯಿಯೂ ಬಂತು.

ಮೂರನೆಯದು ಯುಪಿಐಗೆ ಜೋಡಿಸುವ, ಶುಲ್ಕವಿಲ್ಲದ ರೂಪೇ ಕ್ರೆಡಿಟ್ ಕಾರ್ಡ್. ರಿಸರ್ವ್ ಬ್ಯಾಂಕ್ ಈ ವ್ಯವಸ್ಥೆಯನ್ನು 2022ರಲ್ಲಿ ಪ್ರಕಟಿಸಿತು. ನಾನು ತೆಗೆದುಕೊಂಡ ಕಾರ್ಡಿನಲ್ಲಿ ಖರ್ಚಿಗೆ ಬಹುಮಾನವಾಗಿ ಸಿಗುವ ಅಂಕಗಳನ್ನು (ರಿವಾರ್ಡ್ ಪಾಯಿಂಟ್) ರೂಪಾಯಿಗೆ ತಿರುಗಿಸಿದರೆ ಶೇಕಡಾ 1 ಆಗುತ್ತಿತ್ತು. ಕಾಗದದ ಮೇಲೆ ನೋಡಿದರೆ ನಮ್ಮ 8,000 ರೂಪಾಯಿಯ ಸಣ್ಣ ಅಂಗಡಿಗಳ ಖರ್ಚಿಗೆ ವರ್ಷಕ್ಕೆ 960 ಬರಬೇಕು. ಆದರೆ ಕ್ರೆಡಿಟ್ ಕಾರ್ಡಿನ ಯುಪಿಐ ವ್ಯಾಪಾರಿ ಖಾತೆಗೆ ಮಾತ್ರ ಹಣ ಕಳಿಸುತ್ತದೆ. ವ್ಯಕ್ತಿಯೊಬ್ಬರ ಸ್ವಂತ ಖಾತೆಗೆ ಹೋಗುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಅತ್ತೆಯವರೊಂದಿಗೆ ಎರಡು ಮಾರು ಮಲ್ಲಿಗೆ ಕೊಂಡು ಸ್ಕ್ಯಾನ್ ಮಾಡಿದಾಗ ಹಣ ಹೋಗಲಿಲ್ಲ, ಏಕೆಂದರೆ ಹೂವಿನಮ್ಮನ ಎದುರಿದ್ದ ಕೋಡ್ ಅವರ ಮಗನ ಸ್ವಂತ ಖಾತೆಯದು. ವೀಳ್ಯದೆಲೆಯವರಲ್ಲಿಯೂ ಬಾಳೆಹಣ್ಣಿನವರಲ್ಲಿಯೂ ಹಾಗೆಯೇ ಆಯಿತು. ನಮ್ಮ ರಸ್ತೆಯ ದಿನಸಿ ಅಂಗಡಿ, ಮೆಡಿಕಲ್ ಸ್ಟೋರ್ ಮತ್ತು ದೋಸೆಯ ಹೋಟೆಲ್‌ಗಳಲ್ಲಿ ತೊಂದರೆಯಾಗಲಿಲ್ಲ. ಹೀಗೆ 8,000ದಲ್ಲಿ ಕಾರ್ಡಿನಿಂದ ಹೋಗಿದ್ದು 4,500. ವರ್ಷಕ್ಕೆ ಬಂದದ್ದು 540 ರೂಪಾಯಿ. ಮೊತ್ತ ಚಿಕ್ಕದಾದರೂ ಈ ಕಾರ್ಡನ್ನು ಉಳಿಸಿಕೊಂಡಿದ್ದೇನೆ. ಹತ್ತು, ಮೂವತ್ತು ರೂಪಾಯಿಗಳ ಖರ್ಚೂ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಒಟ್ಟಾಗಿ ಕಾಣಿಸುವುದರಿಂದ, ಹೋಟೆಲಿಗೆ ಎಷ್ಟು ಹೋಗುತ್ತಿದೆ ಎಂಬುದು ಮೊದಲ ಬಾರಿಗೆ ನಮ್ಮ ಕಣ್ಣಿಗೆ ಬಿತ್ತು.

ನಾಲ್ಕನೆಯ ಕಾರ್ಡ್ ನಮಗೆ ಹೊಂದಲಿಲ್ಲ. ಬ್ಯಾಂಕಿನ ಹೆಸರು ಇಲ್ಲಿ ಮುಖ್ಯವಲ್ಲ. ವಾರ್ಷಿಕ ಶುಲ್ಕ ಜಿಎಸ್‌ಟಿ ಸೇರಿ 2,950 ರೂಪಾಯಿ. ನೂರು ರೂಪಾಯಿಗೆ ನಾಲ್ಕು ಅಂಕ. ವಿಮಾನ ನಿಲ್ದಾಣದ ಲಾಂಜ್ (ವಿಶ್ರಾಂತಿ ಕೋಣೆ) ಪ್ರವೇಶ ಉಚಿತ. ನಾಲ್ಕು ಅಂಕ ಎಂಬ ಮಾತು ದೊಡ್ಡದಾಗಿ ಕೇಳಿಸುತ್ತದೆ, ಆದರೆ ಒಂದು ಅಂಕದ ಬೆಲೆ 25 ಪೈಸೆ ಎಂದು ತಿಳಿದಾಗ ಅದು ಶೇಕಡಾ 1ಕ್ಕೆ ಇಳಿಯುತ್ತದೆ. ವರ್ಷದ 1,92,000 ರೂಪಾಯಿ ಖರ್ಚಿಗೆ 1,920 ರೂಪಾಯಿಯ ಅಂಕಗಳಾದವು; ಅವನ್ನು ಪಡೆಯುವುದಕ್ಕೂ 99 ರೂಪಾಯಿ ಮತ್ತು ಜಿಎಸ್‌ಟಿ ಕಟ್ಟಬೇಕಾಯಿತು. ಲಾಂಜ್ ನಮಗೆ ಒದಗಿದ್ದು ಒಮ್ಮೆ ಮಾತ್ರ. ಮೈಸೂರಿನಿಂದ ಬೆಂಗಳೂರು ದಾಟಿ ದೇವನಹಳ್ಳಿಗೆ ಹೋಗಿ ವಿಮಾನ ಹತ್ತುವ ಪ್ರಸಂಗ ನಮ್ಮ ಮನೆಗೆ ವರ್ಷಕ್ಕೊಂದು ಬಂದರೆ ಹೆಚ್ಚು. ತಿಂಗಳಿಗೊಮ್ಮೆ ಕೆಲಸದ ಮೇಲೆ ಹಾರುವವರಿಗೆ ಈ ಬಗೆಯ ಕಾರ್ಡ್ ಬೆಲೆಯುಳ್ಳದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದೇ ಕಾರ್ಡಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನು ವಿವರವಾಗಿ ಹೇಳಬೇಕು. ಒಂದು ದಸರಾ ತಿಂಗಳಿನಲ್ಲಿ ಬಿಲ್ 24,000 ಬಂತು. ಮನೆತುಂಬ ನೆಂಟರಿದ್ದರು, ಕೈಯಲ್ಲಿ ಹಣ ಬಿಗಿಯಾಗಿತ್ತು. ಸ್ಟೇಟ್‌ಮೆಂಟಿನಲ್ಲಿ ಕಟ್ಟಬೇಕಾದ ಕನಿಷ್ಠ ಮೊತ್ತ 1,200 ಎಂದಿತ್ತು. ಅಷ್ಟನ್ನು ಕಟ್ಟಿ ಉಳಿದದ್ದನ್ನು ಮುಂದಿನ ತಿಂಗಳು ತೀರಿಸಿದರಾಯಿತು ಎಂದುಕೊಂಡೆ. ಕನಿಷ್ಠ ಮೊತ್ತ ಕಟ್ಟಿದರೆ ತಪ್ಪುವುದು ತಡಪಾವತಿಯ ದಂಡ ಮಾತ್ರ, ಬಡ್ಡಿ ತಪ್ಪುವುದಿಲ್ಲ. ಆ ಬಡ್ಡಿಯೂ ಉಳಿದ 22,800ರ ಮೇಲೆ ಕೊನೆಯ ದಿನಾಂಕದಿಂದ ಶುರುವಾಗುವುದಲ್ಲ; ಪ್ರತಿಯೊಂದು ಖರೀದಿಗೂ ಅದು ನಡೆದ ದಿನದಿಂದಲೇ ಬೀಳುತ್ತದೆ. ತಿಂಗಳಿಗೆ ಶೇಕಡಾ 3.5, ಎಂದರೆ ವರ್ಷಕ್ಕೆ ಶೇಕಡಾ 42ರ ದರದಲ್ಲಿ, ಬಡ್ಡಿಯ ಮೇಲಿನ ಜಿಎಸ್‌ಟಿಯೂ ಸೇರಿ ಮುಂದಿನ ಸ್ಟೇಟ್‌ಮೆಂಟಿನಲ್ಲಿ ಸುಮಾರು 1,450 ರೂಪಾಯಿ ಬಂತು. ಹಳೆಯ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳಿಲ್ಲ ಎಂಬುದು ಆಗಲೇ ತಿಳಿದದ್ದು. ಆ ಕಾರ್ಡಿನಿಂದ ಒಂಬತ್ತು ತಿಂಗಳು ಸೇರಿಸಿದ್ದು ಒಂದು ತಿಂಗಳಲ್ಲಿ ಹೋಯಿತು. ಬಿಲ್ಲನ್ನು ಪೂರ್ತಿಯಾಗಿ ಕಟ್ಟಲಾಗದ ತಿಂಗಳುಗಳು ಬರುತ್ತವೆ ಎಂದು ಗೊತ್ತಿರುವವರು ಶೇಕಡಾ 1ಕ್ಕೂ 5ಕ್ಕೂ ಹೋಲಿಕೆ ಮಾಡುವುದರಲ್ಲಿ ಅರ್ಥವಿಲ್ಲ. ಅಂಥವರಿಗೆ ಡೆಬಿಟ್ ಕಾರ್ಡೇ ಲೇಸು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಆಮೇಲೆ ಎರಡು ಕೆಲಸ ಮಾಡಿದೆ. ಉಳಿದ ಕಾರ್ಡುಗಳ ಬಿಲ್ ಚಕ್ರವನ್ನು ಬದಲಿಸಿಕೊಂಡು, ಕೊನೆಯ ದಿನಾಂಕ ಸಂಬಳ ಬಂದ ವಾರದಲ್ಲೇ ಬೀಳುವಂತೆ ಮಾಡಿದೆ. ಈ ಬದಲಾವಣೆಗೆ ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಬಾಕಿ ತೀರಿಸಿ ನಾಲ್ಕನೆಯ ಕಾರ್ಡನ್ನು ಮುಚ್ಚಲು ಬರೆದುಕೊಟ್ಟೆ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಹೇಳಿತ್ತು. ಫೋನಿನಲ್ಲಿ ಮಾತನಾಡಿದವರು ಮತ್ತೆ ಮತ್ತೆ ಬೇರೆ ಕಾರ್ಡಿನ ಆಸೆ ತೋರಿಸಿದರು; ಈ ನಿಯಮವನ್ನು ಉಲ್ಲೇಖಿಸಿ ಇ-ಮೇಲ್ ಕಳಿಸಿದ ಮೇಲೆ ಐದನೆಯ ದಿನಕ್ಕೆ ಕೆಲಸವಾಯಿತು.

ಮಂಡ್ಯದಲ್ಲಿರುವ ನನ್ನ ತಮ್ಮ ಈ ಲೆಕ್ಕವನ್ನೆಲ್ಲ ಓದಿ, ತಾನೂ ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡಿಗೇ ಅರ್ಜಿ ಹಾಕುವುದಾಗಿ ಹೇಳಿದ. ಅವನ ಖರ್ಚನ್ನು ಬರೆಸಿ ನೋಡಿದೆ. ಅವನ ಮನೆಗೆ ಆನ್‌ಲೈನ್ ಖರೀದಿ ತಿಂಗಳಿಗೆ 1,500 ದಾಟುವುದಿಲ್ಲ. ಪೇಟೆಯ ಅಂಗಡಿಗಳಲ್ಲಿ ಉಜ್ಜುವುದು 10,000. ಆ ಕಾರ್ಡಿನಿಂದ ಅವನಿಗೆ ವರ್ಷಕ್ಕೆ ಬರುವುದು 2,100. ಎರಡು ಲಕ್ಷದ ಖರ್ಚು ಆಗುವ ಮಾತಿಲ್ಲದ್ದರಿಂದ 1,179 ರೂಪಾಯಿ ಶುಲ್ಕ ಕಳೆದು ಉಳಿಯುವುದು 921. ಎಲ್ಲಕ್ಕೂ ಶೇಕಡಾ 1 ಕೊಡುವ, ಶುಲ್ಕವಿಲ್ಲದ ಯಾವುದೇ ಕಾರ್ಡಿನಿಂದ 1,380 ಬರುತ್ತದೆ. ನಮ್ಮ ಮನೆಯಲ್ಲಿ ಗೆದ್ದ ಕಾರ್ಡ್ ಅವನ ಮನೆಯಲ್ಲಿ 459 ರೂಪಾಯಿಯಷ್ಟು ಹಿಂದೆ ಬಿತ್ತು. ಅವನು ಶುಲ್ಕವಿಲ್ಲದ ರೂಪೇ ಕಾರ್ಡಿಗೆ ಅರ್ಜಿ ಹಾಕಿದ್ದಾನೆ.