ಪಾಠದ ಕೋಡ್ ಓಡುತ್ತಾ? ನೋಟ್‌ಬುಕ್, ಬೇರೆ ಫೈಲ್, ಡಾಕ್‌ಟೆಸ್ಟ್

ಪೈಥಾನ್ ಕಲಿಸಲು ಬರೆಯುವ ಪಾಠದಲ್ಲಿನ ಕೋಡ್ ನಿಜಕ್ಕೂ ಓಡುತ್ತಾ ಅಂತ ಖಚಿತ ಮಾಡಿಕೊಳ್ಳೋಕೆ ನಾನು ನೋಡಿದ ದಾರಿ ಮೂರು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಾಕ್‌ಟೆಸ್ಟ್‌ಗೆ, ಅಂದರೆ ಪಾಠದ ಉದಾಹರಣೆಗಳನ್ನು ತಾನೇ ಓಡಿಸಿ ನೋಡುವ ಸಾಧನಕ್ಕೆ. ಒಮ್ಮೆ ಮಾನ ಹೋದ ಮೇಲೆ ಹಿಡಿದ ದಾರಿ ಇದು.

ಆ ಪೈಥಾನ್ ಪಾಠವನ್ನು ನೋಟ್‌ಬುಕ್‌ನಲ್ಲಿ (ಬರಹ, ಕೋಡ್ ಎರಡನ್ನೂ ಸೆಲ್ ಅನ್ನೋ ತುಂಡುಗಳಲ್ಲಿಟ್ಟು ಅಲ್ಲೇ ಓಡಿಸುವ ಫೈಲ್) ಬರೆದಿದ್ದೆ. ಮೊದಲ ಸೆಲ್‌ನಲ್ಲಿ ‘ಮಾರ್ಕ್ಸ್’ ಅನ್ನೋ ಲಿಸ್ಟಿಗೆ ‘ಸ್ಕೋರ್ಸ್’ ಅಂತ ಹೆಸರು ಬದಲಿಸಿದೆ. ಐದನೇ ಸೆಲ್‌ನಲ್ಲಿ ಹಳೇ ಹೆಸರೇ ಉಳಿಯಿತು. ಆದರೂ ನನ್ನ ಹತ್ತಿರ ಸಲೀಸಾಗಿ ಓಡಿತು, ಯಾಕಂದ್ರೆ ಹಳೇ ಲಿಸ್ಟ್ ಇನ್ನೂ ಮೆಮೊರಿಯಲ್ಲೇ ಕೂತಿತ್ತು. ಓದಿದವರಿಗೆ ಸಿಕ್ಕಿದ್ದು ನೇಮ್‌ಎರರ್, ಅಂದರೆ ಆ ಹೆಸರೇ ಇಲ್ಲ ಅನ್ನೋ ದೋಷ. ಕರ್ನಲ್ (ನೋಟ್‌ಬುಕ್ ಹಿಂದೆ ಕೋಡ್ ಓಡಿಸುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡಿ ಮೇಲಿಂದ ಓಡಿಸಿದ್ದರೆ ಗೊತ್ತಾಗುತ್ತಿತ್ತು, ನಿಜ. ಅದನ್ನು ನಾನೇ ನೆನಪಿಟ್ಟುಕೊಂಡು ಮಾಡಬೇಕಲ್ವಾ? ಗ್ರಾಫ್ ತೋರಿಸುವ ಪಾಠಕ್ಕೆ ಮಾತ್ರ ಈಗಲೂ ನೋಟ್‌ಬುಕ್ಕೇ.

ಇನ್ನೊಂದು, ಕೋಡನ್ನು ಬೇರೆ ಫೈಲ್‌ನಲ್ಲಿಟ್ಟು ಸ್ಫಿಂಕ್ಸ್ (ದಾಖಲೆ ಪುಟಗಳನ್ನು ತಯಾರಿಸುವ ಸಾಧನ) ಕೊಡುವ ಲಿಟರಲ್‌ಇನ್‌ಕ್ಲೂಡ್ ಅನ್ನೋ ಆಜ್ಞೆಯಿಂದ ಪಾಠಕ್ಕೆ ಎಳೆದುಕೊಳ್ಳುವುದು. ದೊಡ್ಡ ಪ್ರಾಜೆಕ್ಟ್‌ಗೆ ಚೆನ್ನ. ಸಾಲಿನ ಸಂಖ್ಯೆ ಕೊಟ್ಟು ಮಾತ್ರ ಎಳೆಯಬೇಡಿ. ಫೈಲ್‌ನ ಮೇಲೊಂದು ಇಂಪೋರ್ಟ್ ಸಾಲು ಸೇರಿಸಿದರೆ ಸಾಕು, ಉಳಿದ ಸಾಲುಗಳು ಕೆಳಗೆ ಸರಿದು ತಪ್ಪು ತುಣುಕು ಸದ್ದಿಲ್ಲದೆ ಪಾಠದಲ್ಲಿ ಬಂದು ಕೂರುತ್ತದೆ. ತುಣುಕಿನ ಮೊದಲು, ಕೊನೆಗೆ ಗುರುತಿಗೆ ಕಾಮೆಂಟ್ ಹಾಕಿ, ಅದನ್ನು ಹಿಡಿದು ಎಳೆದುಕೊಳ್ಳಿ.

ಡಾಕ್‌ಟೆಸ್ಟ್ ಪೈಥಾನ್ ಜೊತೆಗೇ ಬರುತ್ತದೆ. ಪಾಠದಲ್ಲಿ >>> ಇರುವ ಸಾಲನ್ನು ಓಡಿಸಿ, ಕೆಳಗೆ ನಾವು ಬರೆದ ಉತ್ತರದ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ.

ಈ ಅಕ್ಷರಕ್ಕೆ ಅಕ್ಷರವೇ ತಲೆ ತಿಂದಿದ್ದು. ಸೆಟ್ (ಕ್ರಮವಿಲ್ಲದ ಗುಂಪು) ಬಗ್ಗೆ ಬರೆಯುವಾಗ ಕೆಂಪು, ಹಸಿರು, ನೀಲಿ ಅಂತ ಮೂರು ಪದ ಹಾಕಿದ್ದೆ. ಒಮ್ಮೆ ಪಾಸ್, ಇನ್ನೊಮ್ಮೆ ಫೇಲ್. ಒಂದಕ್ಷರ ಮುಟ್ಟಿಲ್ಲ! ಪೈಥಾನ್ 3.3ರಿಂದ ಸ್ಟ್ರಿಂಗ್‌ಗಳ ಹ್ಯಾಶ್, ಅಂದರೆ ಪದಗಳಿಗೆ ಪೈಥಾನ್ ಒಳಗೇ ಲೆಕ್ಕ ಹಾಕುವ ಸಂಖ್ಯೆ, ಪ್ರತಿ ಸಲ ಓಡಿಸಿದಾಗ ಬೇರೆ ಬರುತ್ತದೆ, ಹಾಗಾಗಿ ಸೆಟ್ ಅಚ್ಚಾಗುವ ಕ್ರಮವೂ ಬದಲಾಗುತ್ತದೆ. ಹ್ಯಾಶ್ ಸೀಡ್, ಅಂದರೆ ಆ ಲೆಕ್ಕ ಶುರುವಾಗುವ ಸಂಖ್ಯೆ, ಬದಲಾಗದಂತೆ ಕಟ್ಟಿಹಾಕೋಣ ಅಂದುಕೊಂಡೆ. ಆದರೆ ಓದುವವರ ಕಂಪ್ಯೂಟರ್‌ನಲ್ಲಿ ಅದನ್ನು ಯಾರು ಕಟ್ಟುತ್ತಾರೆ? ಅವರಿಗೂ ಇದೇ ಗೊಂದಲ ಆಗಿರುತ್ತಿತ್ತು. ಕೊನೆಗೆ ಪದಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟೆಡ್ ಹಾಕಿದೆ. ಉತ್ತರ ['ಕೆಂಪು', 'ನೀಲಿ', 'ಹಸಿರು'] ಅಂತ ನಿಂತಿತು. ಅಲ್ಲೂ ಡಬಲ್ ಕೋಟ್ ಬರೆದು ಮತ್ತೆ ಫೇಲ್ ಮಾಡಿಸಿಕೊಂಡೆ, ಅದು ಬೇರೆ ಕಥೆ.

ನನ್ನವು ಹತ್ತು ಸಾಲಿನ ಉದಾಹರಣೆಗಳು, ಬರೆಯೋಕೆ ಸಿಗುವುದು ರಾತ್ರಿ ಅರ್ಧ ಗಂಟೆ. ಒಂದು ಕಮಾಂಡ್ ಕೊಟ್ಟರೆ ಮುಗಿಯಿತು. ಎಲ್ಲ ಸರಿಯಿದ್ದರೆ ಡಾಕ್‌ಟೆಸ್ಟ್ ತುಟಿಪಿಟಕ್ ಅನ್ನುವುದಿಲ್ಲ. ಮೊದಲ ದಿನ ಅದು ಓಡೇ ಇಲ್ಲ ಅಂತ ಅನುಮಾನ ಬಂದು, ಬೇಕಂತಲೇ ಒಂದು ತಪ್ಪು ಉತ್ತರ ಬರೆದು ನೋಡಿದ್ದೆ.